ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ತೆಗೆದ ಚಿಕ್ಕಪ್ಪ

ಇಪ್ಪತ್ತೆರಡು ಪ್ರಶ್ನೆಗೆ ಇಪ್ಪತ್ತೆರಡು ಸರಿಯುತ್ತರ. ನನಗೆ ಅನುಮಾನ ಬಂದದ್ದೇ ಅಲ್ಲಿ.

ಎಂಟು ವರ್ಷದಿಂದ ನಿರಾಶ್ರಿತರ ಶಿಬಿರದ ಈ ಕೆಲಸದಲ್ಲಿದ್ದೇನೆ. ದೊಡ್ಡವರು ಯಾರೂ ಜೊತೆಗಿಲ್ಲದೆ ಗಡಿ ದಾಟಿ ಬಂದ ಮಕ್ಕಳಿಗೆ ಸಂಬಂಧಿಕರನ್ನು ಹುಡುಕುವುದು, ಸಂಬಂಧಿಕರು ಎಂದು ಹೇಳಿಕೊಂಡು ಬಂದವರು ಹೌದೋ ಅಲ್ಲವೋ ನೋಡುವುದು. ನಿಜವಾದ ಚಿಕ್ಕಪ್ಪಂದಿರು ಹೆಚ್ಚೆಂದರೆ ಹದಿನಾಲ್ಕು ಸರಿ ಹೇಳುತ್ತಾರೆ. ಮಗುವಿನ ವಯಸ್ಸು ಕೇಳಿದರೆ ಕೈಯಿಂದ ಎತ್ತರ ತೋರಿಸುತ್ತಾರೆ. ಅತ್ತಿಗೆಯ ಹೆಸರು ಕೇಳಿದರೆ ಆಕಾಶ ನೋಡುತ್ತಾರೆ. ಅರುವಾ ಪಟ್ಟಣದಲ್ಲಿರುವ ನನ್ನ ಸ್ವಂತ ಚಿಕ್ಕಪ್ಪ ಇವತ್ತಿಗೂ ನನ್ನನ್ನು ತಂಗಿಯ ಹೆಸರಿನಿಂದಲೇ ಕರೆಯುತ್ತಾನೆ.

ಇವನು ಮಾತ್ರ ಮಾವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈ ಮೊಣಕಾಲ ಮೇಲಿಟ್ಟು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಒಂದೊಂದೇ ಒಪ್ಪಿಸಿದ. ಹೆಸರು ಗಾಟ್‌ಕೆಕ್. ಗಡಿಯಾಚೆಯ ಫಂಗಾಕ್ ಕಡೆಯ ಮೀನುಗಾರ. ಹಣೆಯ ಮೇಲೆ ನುಯೇರ್ ಬುಡಕಟ್ಟಿನ ಗಂಡಸರ ಆರು ಗೀರು. ನ್ಯಾದಕ್ ಮತ್ತು ಬುವಾಯ್ ತನ್ನ ತೀರಿಹೋದ ಅಣ್ಣ ಕೋಂಗ್‌ನ ಮಕ್ಕಳು, ಇಬ್ಬರನ್ನೂ ತಾನು ಕರೆದುಕೊಂಡು ಹೋಗುತ್ತೇನೆ ಎಂದ.

"ಎಲ್ಲಾ ಸರಿ ಮೇಡಂ," ಎಂದ ಗುಮಾಸ್ತ ಕಾಂಡಿಯಾ, ಕೊನೆಯ ಗೀಟು ಎಳೆದು. ಆತ ಹದಿನೇಳು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು. ಯಾರು ಪೂರ್ತಿ ಅಂಕ ತೆಗೆದರೂ ಕಣ್ಣು ಒದ್ದೆಯಾಗುತ್ತದೆ. "ಇಪ್ಪತ್ತೆರಡಕ್ಕೆ ಇಪ್ಪತ್ತೆರಡು. ಈ ಮನೆಯ ಇತಿಹಾಸದಲ್ಲೇ ಮೊದಲು."

ಗೇಟಿನ ಬಳಿ ಕಿವಿ ಚಾಚಿ ಕೂತಿದ್ದ ಡ್ರಾನಿ ತಾತ ಅಲ್ಲಿಂದಲೇ ಚಪ್ಪಾಳೆ ತಟ್ಟಿದ.

"ತಾತ, ಗೇಟು ನೋಡ್ಕೊಳ್ಳಿ," ಎಂದೆ.

"ನೋಡ್ತಾನೇ ಇದೀನಿ ಮೇಡಂ. ಗೇಟು ಎಲ್ಲಿಗೂ ಹೋಗಿಲ್ಲ."

ಹನ್ನೆರಡು ಗಂಟೆ. ಮಕ್ಕಳನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವ ಸಮಿತಿ ಎರಡಕ್ಕೆ ಕೂರುತ್ತದೆ. ಶನಿವಾರ ಈ ಮಕ್ಕಳ ಮನೆಗೆ ಬೀಗ. ಹನ್ನೊಂದು ಮಕ್ಕಳಿಗೂ ಸಾಕುಮನೆ ಗೊತ್ತಾಗಿದೆ. ಹದಿಮೂರರ ನ್ಯಾದಕ್ ಶಿಬಿರದ ಎರಡನೇ ವಲಯದ ಒಬ್ಬ ಸಾಕುತಾಯಿಯ ಬಳಿಗೆ, ಎಂಟರ ಬುವಾಯ್ ಐದನೇ ವಲಯದ ಇನ್ನೊಬ್ಬಳ ಬಳಿಗೆ. ನಡುವೆ ಅರ್ಧ ದಿನದ ನಡಿಗೆ. ಇಬ್ಬರನ್ನು ಒಟ್ಟಿಗೆ ಸಾಕುವಷ್ಟು ಜಾಗ ಯಾರಲ್ಲೂ ಇಲ್ಲ. ರಕ್ತಸಂಬಂಧಿ ಸಿಕ್ಕರೆ ಮಾತ್ರ ಅಕ್ಕ ತಮ್ಮ ಒಂದೇ ಸೂರಿನಡಿ.

ಮೂರು ವಾರದ ಹಿಂದೆ ಈ ತೀರ್ಮಾನ ಗೋಡೆಗೆ ಅಂಟಿಸಿದೆವು. ಮೂರನೇ ವಾರಕ್ಕೆ ಸರಿಯಾಗಿ ಚಿಕ್ಕಪ್ಪ ಹಾಜರು. ನನಗೆ ಅದೂ ಇಷ್ಟವಾಗಲಿಲ್ಲ.

"ಒಂದು ಲೋಟ ಚಹಾ ಕುಡೀರಿ," ಎಂದು ಅವನನ್ನು ಅಲ್ಲೇ ಕೂರಿಸಿ ಹತ್ತಿರದಿಂದ ನೋಡಿದೆ. ಅಂಗಿಯ ಕಾಲರ್ ಒಳಗೆ ಕೂದಲಿನ ಸಣ್ಣ ಸಣ್ಣ ತುಣುಕು. ಕೈಯಿಂದ ಪೌಡರಿನ ವಾಸನೆ. ಮೀನುಗಾರನ ಕೈಯಲ್ಲಿ ಬಲೆಯ ದಾರ ಎಳೆದ ಗೆರೆಗಳಿರುತ್ತವೆ. ಇವನ ಬೆರಳು ಹಸುಗೂಸಿನ ಬೆರಳಿನಷ್ಟು ನಯ. ಜೊತೆಗೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರ ಕಿವಿಯ ಪಕ್ಕ ನೋಡುತ್ತಿದ್ದ.

"ನಿಮ್ಮೂರ ಹೊಳೇಲಿ ಯಾವ ಮೀನು ಜಾಸ್ತಿ?"

ಇದು ಇಪ್ಪತ್ತೆರಡರಲ್ಲಿ ಇರಲಿಲ್ಲ. ಆತ ಬಹಳ ಹೊತ್ತು ಯೋಚಿಸಿದ.

"ದೊಡ್ಡವು," ಎಂದ.

ನಾನು ಕಡತ ಎತ್ತಿಕೊಂಡು ಆಫೀಸಿಗೆ ನಡೆದೆ.

ಆಫೀಸು ಎಂದರೆ ತಗಡಿನ ಸೂರಿನ ಒಂದು ಕೋಣೆ, ಒಂದು ಕಬ್ಬಿಣದ ಬೀರು, ಅದರ ಮೇಲೆ ಕಾಂಡಿಯಾನ ಟೋಪಿ. ಬೀರುವಿನ ಬೀಗ ಕೆಟ್ಟಿರಲಿಲ್ಲ. ಬೀಗದ ಕೈ ಅವನ ಕೊರಳಲ್ಲೇ ಇತ್ತು. ಯಾರೂ ಕಡತ ಕದ್ದಿಲ್ಲ ಎಂದಾಯಿತು. ಹಾಗಾದರೆ ಉತ್ತರಗಳು ಹೊರಗೆ ಹೋದದ್ದು ಹೇಗೆ?

ನ್ಯಾದಕ್ ಹೇಳಿ ಬರೆಸಿದ್ದ ಉತ್ತರಗಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂಬತ್ತನೇ ಪ್ರಶ್ನೆ: ತಂದೆ ತೀರಿಕೊಂಡ ವರ್ಷ. ಉತ್ತರ: 2018. ಅದರಲ್ಲಿನ 1 ಮಾತ್ರ ಉಳಿದ ಅಂಕೆಗಳಿಗಿಂತ ದಪ್ಪಗಿತ್ತು. ಅದರ ಹೊಟ್ಟೆಯೊಳಗೆ ಒಂದು ಸೊನ್ನೆ ಮಲಗಿತ್ತು.

"ಕಾಂಡಿಯಾ, ಇದೇನಿದು?"

"ತಿದ್ದುಪಡಿ ಮೇಡಂ." ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಹುಡುಗಿ 2008 ಅಂದ್ಲು. ಅವಳು ಹುಟ್ಟಿದ್ದು 2012, ತಮ್ಮ 2017. ಸತ್ತು ನಾಲ್ಕು ವರ್ಷಕ್ಕೆ ಒಂದು ಮಗು, ಒಂಬತ್ತು ವರ್ಷಕ್ಕೆ ಇನ್ನೊಂದು. ಆಗುತ್ತಾ? ಗಾಬರೀಲಿ ಏನೋ ಹೇಳಿದ್ದಾಳೆ ಮಗು ಅಂತ ನಾನೇ ಸರಿ ಮಾಡ್ದೆ. ಲೆಕ್ಕ ಅಂದ್ಮೇಲೆ ಲೆಕ್ಕ."

"ಅವಳಿಗೆ ಹೇಳಿ ಮಾಡಿದ್ರಾ?"

"ಓದಿ ಹೇಳಿ, ಸಹಿ ಹಾಕಿಸ್ಕೊಂಡೆ. ಮೊದಲು ಜಗಳ ಆಡಿದ್ಲು. ಆಮೇಲೆ, ನಿಮ್ಮ ಕಾಗದ, ನಿಮ್ಮಿಷ್ಟ ಅಂದ್ಲು. ಸ್ವಲ್ಪ ಬಾಯಿ ಜಾಸ್ತಿ ಅದಕ್ಕೆ."

ನಾನು ಅಡುಗೆಮನೆಗೆ ಹೋದೆ. ಮನೆಯ ತಾಯಿ ನ್ಯಾಬುಯ್ ದೊಡ್ಡ ಪಾತ್ರೆಯಲ್ಲಿ ಪೋಶೋ ತಿರುವುತ್ತಿದ್ದಳು. ಪೋಶೋ ಎಂದರೆ ನಮ್ಮ ಮುಸುಕಿನ ಜೋಳದ ಗಟ್ಟಿ ಅಂಬಲಿ. ಹನ್ನೊಂದು ಮಕ್ಕಳಿಗೆ ಅದನ್ನು ತಿರುವಲು ದೋಣಿಯ ಹುಟ್ಟಿನಷ್ಟು ದೊಡ್ಡ ಸೌಟು ಬೇಕು. ಅವಳೂ ನುಯೇರ್ ಹೆಂಗಸೇ.

"ಅಕ್ಕ, ಒಬ್ಬ ಮನುಷ್ಯ ಸತ್ತು ನಾಲ್ಕು ವರ್ಷ ಆದ್ಮೇಲೆ ಅವನಿಗೆ ಮಗಳು ಹುಟ್ಟೋಕೆ ಆಗುತ್ತಾ?"

"ನಾಲ್ಕೇ ಯಾಕೆ, ಹತ್ತಾದ್ರೂ ಆಗುತ್ತೆ." ಅವಳು ಸೌಟು ನಿಲ್ಲಿಸಲಿಲ್ಲ. "ಗಂಡುಮಗು ಇಲ್ದೆ ಸತ್ರೆ ಹೆಸರು ನಿಂತುಹೋಗುತ್ತಲ್ಲ. ಅದಕ್ಕೆ ಸತ್ತವನ ಹೆಸರಲ್ಲಿ ದನ ಕೊಟ್ಟು ಹೆಣ್ಣು ತರ್ತಾರೆ. ತಮ್ಮನೋ, ದಾಯಾದಿಯೋ ಸಂಸಾರ ಮಾಡ್ತಾನೆ. ಹುಟ್ಟಿದ ಮಕ್ಕಳು ಸತ್ತವನವು. ನಮ್ಮಪ್ಪನೂ ಸತ್ತವನೇ."

"ಅಂದ್ರೆ ಈಗ?"

"ಈಗ ಅಲ್ಲ ಕಣವ್ವ. ನಾನು ಹುಟ್ಟೋಕ್ಕಿಂತ ಹನ್ನೊಂದು ವರ್ಷ ಮುಂಚೆ. ಒಳ್ಳೆ ಅಪ್ಪ. ಒಂದು ದಿನ ಬೈದವನಲ್ಲ."

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಹುಡುಗಿ ಹೇಳಿದ್ದು ನಿಜ. ಸುಳ್ಳು ಬರೆದದ್ದು ನಾವು. ಕೋಂಗ್ ಸತ್ತದ್ದು 2008ರಲ್ಲೇ. 2018 ಎನ್ನುವುದು ಜಗತ್ತಿನಲ್ಲಿ ಒಂದೇ ಒಂದು ಕಡೆ ಇದೆ: ಕಾಂಡಿಯಾನ ಹಾಳೆಯ ಮೇಲೆ. ಅಣ್ಣನ ಸಾವನ್ನು ಕಂಡ ತಮ್ಮ ಯಾವತ್ತೂ ಆ ವರ್ಷ ಹೇಳಲಾರ.

ಮರದ ಕೆಳಗಿನ ಮನುಷ್ಯ ಅದನ್ನೇ ಹೇಳಿದ್ದ, ಒಂದು ಕ್ಷಣವೂ ತಡೆಯದೆ.

"ಅಕ್ಕ, ಸೌಟು ಬಿಟ್ಟು ಐದು ನಿಮಿಷ ಬರ್ತೀರಾ?"

"ತಳ ಹತ್ತುತ್ತೆ."

"ಹತ್ತಲಿ."

ಅವಳು ಸೌಟು ಬಿಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಬಂದಳು.

ಚಿಕ್ಕಪ್ಪ ಚಹಾ ಮುಗಿಸಿ ಕಾಂಡಿಯಾನ ಕೆನ್ನೆಗೂದಲನ್ನೇ ದಿಟ್ಟಿಸುತ್ತಿದ್ದ. ನಾನು ಎದುರು ಕುರ್ಚಿ ಎಳೆದು ಕೂತೆ.

"ಒಂದೆರಡು ಸಣ್ಣ ಪ್ರಶ್ನೆ. ನಿಮ್ಮಣ್ಣ ತೀರಿಕೊಂಡಿದ್ದು?"

"2018."

"ನೀವು ಅಲ್ಲೇ ಇದ್ರಾ?"

"ಪಕ್ಕದಲ್ಲೇ ಇದ್ದೆ. ನನ್ನ ತೊಡೆ ಮೇಲೆ ತಲೆ ಇಟ್ಟು..." ಮಾತು ನಿಲ್ಲಿಸಿ ಮೂಗು ಒರೆಸಿಕೊಂಡ. ಕಾಂಡಿಯಾ ತನ್ನ ಕರವಸ್ತ್ರ ಕೊಟ್ಟ.

"ಬುವಾಯ್ ಹುಟ್ಟಿದಾಗ ಅಣ್ಣ ಏನಂದ?"

"ಕುಣಿದುಬಿಟ್ಟ ಮೇಡಂ. ಅವತ್ತು ರಾತ್ರಿಯೆಲ್ಲಾ ಕುಣಿದ. ಒಂದು ಹೋರಿ ಕಡಿಸಿದ. ಇಡೀ ಕೇರಿಗೆ ಊಟ."

ನ್ಯಾಬುಯ್ ಸೌಟು ನೆಲಕ್ಕೂರಿ ನಗಲು ಶುರು ಮಾಡಿದಳು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಕೊನೆಗೆ ಮರದ ಬುಡ ಹಿಡಿದುಕೊಳ್ಳಬೇಕಾಯಿತು.

"ಸತ್ತು ಒಂಬತ್ತು ವರ್ಷದ ಹೆಣ ರಾತ್ರಿಯೆಲ್ಲಾ ಕುಣೀತಂತೆ," ಎಂದಳು ಉಸಿರು ಸಿಕ್ಕಿದಾಗ. "ಏನಯ್ಯಾ, ಹಣೆ ಮೇಲೆ ಆರು ಗೀರು ಇಟ್ಕೊಂಡು ಇಷ್ಟೂ ಗೊತ್ತಾಗಲ್ವಾ? ಕೋಂಗ್ ಈ ಮಕ್ಕಳಿಗೆ ಹೆಸರಿನ ಅಪ್ಪ. ಮದುವೆಗೆ ಮುಂಚೆನೇ ಹೋದವನು."

ಆತನ ಮುಖದ ಮೇಲೆ ಒಂದು ಬದಲಾವಣೆ ಆಯಿತು. ಹೆದರಿಕೆ ಕಾಣುತ್ತದೆ ಎಂದುಕೊಂಡಿದ್ದೆ. ಅಲ್ಲ, ಅವಮಾನ. ನೂರಕ್ಕೆ ನೂರು ಬಂದ ಉತ್ತರಪತ್ರಿಕೆಯನ್ನು ಯಾರೋ ಕಣ್ಣೆದುರಿಗೆ ಹರಿದ ಹಾಗೆ.

"ಅದನ್ನ ನನಗೆ ಹೇಳ್ಲೇ ಇಲ್ಲ," ಎಂದ ಸಣ್ಣ ದನಿಯಲ್ಲಿ.

"ಯಾರು ಹೇಳ್ಲಿಲ್ಲ?"

ಆತ ಖಾಲಿ ಲೋಟದೊಳಗೆ ಇಣುಕಿದ.

"ನೀವು ಮೀನುಗಾರ ಅಲ್ಲ. ಮಾರ್ಕೆಟ್ಟಿನಲ್ಲಿ ಹೇರ್ ಕಟಿಂಗ್ ಮಾಡ್ತೀರಿ."

"ಯಾರು ಹೇಳಿದ್ರು?"

"ನಿಮ್ಮ ಕಾಲರ್."

ಆತ ಕಾಲರ್ ಮುಟ್ಟಿ ನೋಡಿಕೊಂಡು ನಿಟ್ಟುಸಿರುಬಿಟ್ಟ. ಆಮೇಲೆ, ಹೇಗೂ ಗೊತ್ತಾಯಿತಲ್ಲ ಎಂಬಂತೆ ಕಾಂಡಿಯಾನ ಕಡೆ ತಿರುಗಿದ. "ಸಾರ್, ಬೆಳಿಗ್ಗೆಯಿಂದ ತಡ್ಕೊಂಡಿದೀನಿ. ನಿಮ್ಮ ಬಲಗಡೆ ಕೆನ್ನೆಗೂದಲು ಎಡಗಡೇದಕ್ಕಿಂತ ಒಂದು ಬೆರಳು ಮೇಲಿದೆ. ಯಾವ ಕಟುಕ ಕತ್ತರಿಸಿದ್ದು?"

ಕಾಂಡಿಯಾ ಕರವಸ್ತ್ರ ವಾಪಸ್ ಕಿತ್ತುಕೊಂಡ.

"ಉತ್ತರ ಹೇಳಿಕೊಟ್ಟವರು ಯಾರು?" ಎಂದೆ.

ಆತ ಬಾಯಿ ಬಿಡುವ ಅಗತ್ಯ ಬೀಳಲಿಲ್ಲ. ನೀರಿನ ಡ್ರಮ್ಮಿನ ಹಿಂದಿನಿಂದ ನ್ಯಾದಕ್ ಎದ್ದು ಬಂದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಕಡ್ಡಿಯಂಥ ಹುಡುಗಿ, ಅಗಲದ ನೀಲಿ ಅಂಗಿ, ಕೈ ಎರಡೂ ಸೊಂಟದ ಮೇಲೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಹೋಗಿ ಆತನ ಮುಂದೆ ನಿಂತಳು.

"ಮೂರು ತಪ್ಪು ಹೇಳು ಅಂದಿದ್ದೆ."

"ಮರೆತುಹೋಯ್ತು."

"ಮರೆತಿಲ್ಲ. ಜಂಬ. ಆರನೇದು, ಹನ್ನೆರಡನೇದು, ಹದಿನೇಳನೇದು ಬೇಕಂತಲೇ ತಪ್ಪು ಹೇಳು ಅಂತ ಬಡ್ಕೊಂಡಿದ್ದೆ. ಎಲ್ಲಾ ಸರಿ ಹೇಳಿದ್ರೆ ಅನುಮಾನ ಬರುತ್ತೆ ಅಂದಿದ್ದೆ."

"ಆ ಸಾರ್ ಒಂದೊಂದು ಸರಿಗೂ ಭೇಷ್ ಭೇಷ್ ಅಂತಿದ್ರು. ನನಗೆ ಜೀವನದಲ್ಲಿ ಯಾರೂ ಭೇಷ್ ಅಂದಿರಲಿಲ್ಲ. ತಡ್ಕೊಳ್ಳೋಕಾಗ್ಲಿಲ್ಲ."

ನಾನು ಪೆನ್ನು ಕೆಳಗಿಟ್ಟೆ. "ನ್ಯಾದಕ್, ಇವನನ್ನ ಎಲ್ಲಿಂದ ತಂದೆ?"

"ಹುಡುಕಿದೆ." ಈಗ ನನ್ನ ಕಡೆ ತಿರುಗಿದಳು. "ನೀವು ಗೋಡೆಗೆ ಕಾಗದ ಅಂಟಿಸಿದ ಮಾರನೇ ದಿನದಿಂದ. ಮೂರು ಜನ ನೋಡಿದೆ. ಮೊದಲನೆಯವನು ಚರ್ಚಿನಲ್ಲಿ ಹಾಡ್ತಾನೆ, ಒಳ್ಳೆಯವನು, ಆದ್ರೆ ನಾಲ್ಕು ಪ್ರಶ್ನೆ ದಾಟಲ್ಲ. ಎರಡನೆಯವನು ಎಲ್ಲಾ ಕಲಿತ. ಆದ್ರೆ ಸಂಜೆ ಆದ್ಮೇಲೆ ಅವನಿಗೆ ಅವನ ಹೆಸರೇ ನೆನಪಿರಲ್ಲ. ಇವನು ಕುಡಿಯಲ್ಲ, ಹೊಡೆಯಲ್ಲ. ಬೀನ್ಸ್ ಬೇಯಿಸೋಕೆ ಹೇಳಿ ನೋಡಿದೆ, ಉಪ್ಪು ಸರಿ ಹಾಕ್ತಾನೆ."

"ಹತ್ತು ದಿನ ಗೋಳು ಹುಯ್ಕೊಂಡ್ಲು ಮೇಡಂ," ಎಂದ ಆತ. "ಒಂದು ತಪ್ಪಿದ್ರೆ ಮತ್ತೆ ಮೊದಲಿಂದ. ಗಿರಾಕಿ ಗಡ್ಡಕ್ಕೆ ಸೋಪು ಹಚ್ಚಿ, ಅಣ್ಣನ ಹಸುವಿನ ಬಣ್ಣ ಯಾವುದು, ಅಂತ ಒಪ್ಪಿಸ್ತಿದ್ದೆ."

"ನಿನಗೇನು ಲಾಭ?"

ಆತ ಹಣೆಯ ಗೀರುಗಳ ಮೇಲೆ ಬೆರಳಾಡಿಸಿದ. "ಆ ಸಣ್ಣವನು ದಿನಾ ಮಧ್ಯಾಹ್ನ ಅಂಗಡಿಗೆ ಬಂದು ಕೂರ್ತಾನೆ. ಒಂದೇ ಸಮ ಮಾತು. ಮೊದಲು ತಲೆ ಚಿಟ್ಟು ಹಿಡೀತಿತ್ತು. ಒಂದು ವಾರ ಜ್ವರ ಅಂತ ಬರ್ಲಿಲ್ಲ. ಅವಾಗ ಇನ್ನೂ ಜಾಸ್ತಿ ಚಿಟ್ಟು ಹಿಡೀತು."

ನ್ಯಾಬುಯ್ ಸೌಟಿನ ಹಿಡಿಯಿಂದ ಬೆನ್ನು ಕೆರೆದುಕೊಂಡಳು.

ನನಗೆ ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. "ನಿನಗೆ ನಿಜ ಗೊತ್ತಿತ್ತು. 2008 ಅಂತ ನೀನೇ ಹೇಳಿದ್ದೆ. ಮತ್ತೆ ಇವನಿಗೆ 2018 ಯಾಕೆ ಕಲಿಸಿದೆ?"

ಅವಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾಲ್ಕು ಪ್ರಶ್ನೆ ದಾಟದ ಚರ್ಚಿನವನನ್ನು ಹಾಗೇ ನೋಡಿರಬೇಕು.

"ನೀವು ನಿಜದ ಜೊತೆ ತಾಳೆ ನೋಡಲ್ಲ ಮೇಡಂ. ಕಾಗದದ ಜೊತೆ ನೋಡ್ತೀರಿ. ಅದಕ್ಕೆ ಕಾಗದ ಕಲಿಸಿದೆ."

ಕಾಂಡಿಯಾ ಕೆಮ್ಮಿದ.

"ಅಲ್ವಾ ಸಾರ್?" ಎಂದಳು ಅವನಿಗೆ. "ನಮ್ಮ ನಿಜವಾದ ಚಿಕ್ಕಪ್ಪ ಬಂದಿದ್ರೆ ಒಂಬತ್ತನೇದು ತಪ್ಪು ಅಂತ ಗೀಟು ಹಾಕ್ತಿದ್ರಿ."

ಅಡುಗೆಮನೆಯಿಂದ ಪೋಶೋ ತಳ ಹತ್ತಿದ ವಾಸನೆ ಬಂತು. ನ್ಯಾಬುಯ್ ನನ್ನತ್ತ ಕಣ್ಣು ಕೆಕ್ಕರಿಸಿ ಓಡಿದಳು.

ಗಡಿಯಾರ ನೋಡಿದೆ. ಒಂದೂ ಇಪ್ಪತ್ತು. ಹಾಳೆಯ ಕೊನೆಯಲ್ಲಿ ಒಂದು ಖಾಲಿ ಚೌಕ, ಅದರಲ್ಲಿ ನಾನು ಒಂದು ಪದ ಬರೆಯಬೇಕು. ಹೌದು ಅಥವಾ ಅಲ್ಲ. ಅಲ್ಲ ಎಂದು ಬರೆದರೆ ಶನಿವಾರ ಬೆಳಿಗ್ಗೆ ಒಂದು ಲಾರಿ ಎರಡನೇ ವಲಯಕ್ಕೆ, ಇನ್ನೊಂದು ಐದನೇ ವಲಯಕ್ಕೆ. ಹೌದು ಎಂದು ಬರೆದರೆ ಬಾಯಿಪಾಠ ಮಾಡಿ ಬಂದ ಕ್ಷೌರಿಕನಿಗೆ ಎರಡು ಮಕ್ಕಳು. ಎಂಟು ವರ್ಷದಲ್ಲಿ ನಾನು ಹನ್ನೆರಡು ಸುಳ್ಳು ಮಾವಂದಿರನ್ನು, ಮೂರು ಸುಳ್ಳು ಅಜ್ಜಿಯರನ್ನು ಗೇಟಿನಿಂದಾಚೆ ಕಳಿಸಿದ್ದೇನೆ. ಅವರಲ್ಲಿ ಒಬ್ಬರಿಗಾದರೂ ಬೀನ್ಸಿಗೆ ಎಷ್ಟು ಉಪ್ಪು ಎಂದು ಗೊತ್ತಿತ್ತೋ ಇಲ್ಲವೋ, ನಾನು ಕೇಳಿರಲಿಲ್ಲ.

"ನೀವು ಬರೀರಿ," ಎಂದಳು ನ್ಯಾದಕ್. ದನಿ ಗಟ್ಟಿಯಾಗಿಯೇ ಇತ್ತು. ಸೊಂಟದ ಮೇಲಿನ ಕೈ ಮಾತ್ರ ಅಂಗಿಯನ್ನು ಹಿಂಡುತ್ತಿತ್ತು. "ಆದ್ರೆ ಬರೆಯೋಕೆ ಮುಂಚೆ ಬುವಾಯ್‌ನ ಕೇಳಿ. ಅವನು ರಾತ್ರಿ ನಾನು ಪಕ್ಕದಲ್ಲಿ ಇಲ್ದೆ ಮಲಗಲ್ಲ. ಐದನೇ ವಲಯದ ಅಮ್ಮಂಗೆ ಅದು ಗೊತ್ತಾಗೋಕೆ ಎಷ್ಟು ದಿನ ಬೇಕು?"

"ಕರಿ ಅವನನ್ನ."

ಅವಳು ಕರೆದಳು. ಹುಡುಗರು ಆಡುತ್ತಿದ್ದ ಕಡೆಯಿಂದ ಏಳು ತಲೆಗಳು ತಿರುಗಿದವು. ಯಾವುದೂ ಬುವಾಯ್‌ನದಲ್ಲ. ಮಲಗುವ ಕೋಣೆಯಲ್ಲಿ ಇಲ್ಲ. ಕಕ್ಕಸಿನ ಬಾಗಿಲು ಬಡಿದರೆ ಒಳಗಿನಿಂದ ಬೇರೆ ಹುಡುಗ ಬೈದ.

ನಾನು ಗೇಟಿಗೆ ನಡೆದೆ. ನ್ಯಾದಕ್ ನನ್ನ ಮುಂದಿದ್ದಳು. ಕ್ಷೌರಿಕ ನನ್ನ ಹಿಂದೆ.

ಡ್ರಾನಿ ತಾತ ಸ್ಟೂಲಿನ ಮೇಲೆ ಕೂತು ಗೇಟಿನ ಪುಸ್ತಕದಲ್ಲಿ ಏನೋ ಗೀಟು ಹಾಕುತ್ತಿದ್ದ. ನನ್ನನ್ನು ಕಂಡು ಎದೆ ಸೆಟೆಸಿದ.

"ಮೇಡಂ, ಇವತ್ತು ಒಬ್ಬನ್ನ ಹಿಡಿದೆ."

"ಯಾರನ್ನ?"

"ಸುಳ್ಳುಗಾರ. ಅರ್ಧ ಗಂಟೆ ಆಯ್ತು, ಸೈಕಲ್ ಮೇಲೆ ಬಂದ. ಬುವಾಯ್‌ನ ಚಿಕ್ಕಪ್ಪ ನಾನು, ಅಂದ. ಬುವಾಯ್ ಚಿಕ್ಕಪ್ಪ ಆಗಲೇ ಒಳಗೆ ಚಹಾ ಕುಡೀತಿದಾನೆ, ನೀನ್ಯಾವನು, ಅಂದೆ." ತಾತ ಪುಸ್ತಕ ತಿರುಗಿಸಿ ತೋರಿಸಿದ. "ನೀವೇ ಹೋದ ವಾರ ಹೇಳಿದ್ರಲ್ಲ, ಯಾರೇ ಬಂದ್ರೂ ಪ್ರಶ್ನೆ ಕೇಳದೆ ಬಿಡಬೇಡಿ ಅಂತ. ನಿಮ್ಮ ಇಪ್ಪತ್ತೆರಡರಲ್ಲಿ ನನಗೆ ಐದು ನೆನಪಿತ್ತು. ಕೇಳಿದೆ. ಮೂರು ಸರಿ, ಎರಡು ತಪ್ಪು. ಒಳಗೆ ಬಿಡ್ಲಿಲ್ಲ."

"ಬುವಾಯ್ ಎಲ್ಲಿ?"

"ಅವನನ್ನ ಒಳಗೆ ಬಿಡ್ಲಿಲ್ಲ ಅಂದೆನಲ್ಲ ಮೇಡಂ. ಹುಡುಗ ಹೊರಗೆ ಹೋದ. ಸೈಕಲ್ ನೋಡಿ ಓಡಿಹೋಗಿ ಹಿಂದೆ ಹತ್ತಿಬಿಟ್ಟ. ಹೊರಗೆ ಹೋಗೋರಿಗೆ ಪ್ರಶ್ನೆ ಕೇಳಿ ಅಂತ ನೀವು ಹೇಳಿರಲಿಲ್ಲ."

ನಾನು ಪುಸ್ತಕ ಕಿತ್ತುಕೊಂಡೆ. ತಾತನ ಅಕ್ಷರ ಗುಂಡು ಗುಂಡು, ಓದಲು ಕಷ್ಟವಿಲ್ಲ. ಮೂರು ಉತ್ತರಗಳ ಮುಂದೆ ಸರಿ ಗುರುತು. ನಾಲ್ಕನೆಯದರ ಮುಂದೆ ದೊಡ್ಡ ಅಡ್ಡಗೀಟು.

ಅಣ್ಣ ತೀರಿಕೊಂಡ ವರ್ಷ: 2008.

ಯಾವ ಕಾಗದದಲ್ಲೂ ಇಲ್ಲದ ವರ್ಷ. ಯಾರೂ ಬಾಯಿಪಾಠ ಮಾಡಿಸಲಾಗದ ವರ್ಷ.

"ಇದು ತಪ್ಪು ಅಂತ ನಿಮಗೆ ಯಾರು ಹೇಳಿದ್ರು ತಾತ?"

"ಬೆಳಿಗ್ಗೆ ನಾನೇ ಕೇಳಿಸ್ಕೊಂಡೆ. 2018 ಅಂದಾಗ ಕಾಂಡಿಯಾ ಸಾರ್ ಭೇಷ್ ಅಂದ್ರು." ತಾತ ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದ. "ಅದು ಹೋಗ್ಲಿ, ಐದನೇದು ನೋಡಿ. ಇಷ್ಟು ಸುಲಭದ್ದೂ ಬರ್ಲಿಲ್ಲ ಅವನಿಗೆ."

ನಿಮ್ಮ ಅಣ್ಣನಿಗೆ ಮಕ್ಕಳೆಷ್ಟು?

ಒಬ್ಬನೇ. ಗಂಡು.

ಅದರ ಮುಂದೆಯೂ ಅಡ್ಡಗೀಟು. ಆ ಲೆಕ್ಕದಲ್ಲಿ ಬುವಾಯ್ ಇದ್ದ, ನ್ಯಾದಕ್ ಇರಲಿಲ್ಲ.

ನಾನು ತಲೆ ಎತ್ತಿದೆ. ನ್ಯಾದಕ್ ನನ್ನ ಮೊಣಕೈ ಪಕ್ಕದಲ್ಲಿ ನಿಂತು ಅದೇ ಸಾಲನ್ನು ಓದುತ್ತಿದ್ದಳು. ಓದಿ ಮುಗಿಸಿದಳು. ಅವಳು ಸುಳ್ಳು ಅನ್ನಲಿಲ್ಲ. ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಯಾವ ಕಡೆ ಹೋದ?" ಎಂದು ತಾತನನ್ನು ಕೇಳಿದಳು.